ಅಜ್ಜಿಯ ಎಲೆಅಡಿಕೆ ಚೀಲದ ನೂರು ರೂಪಾಯಿ

ಪ್ರಶ್ನೆ: ನಾಲ್ಕನೇ ಕ್ಲಾಸಿನ ನನ್ನ ಮಗ ಅಜ್ಜಿಯ ಎಲೆಅಡಿಕೆ ಚೀಲದಿಂದ 100 ರೂಪಾಯಿ ಕದ್ದು, ಗೆಳೆಯರ ಜೊತೆ ಗೋಬಿ ಮಂಚೂರಿ ತಿಂದಿದ್ದಾನೆ. ಕೇಳಿದರೆ ಸುಳ್ಳು ಹೇಳಿದ. ನಮ್ಮ ಯಜಮಾನರು ಬೆಲ್ಟಿನಲ್ಲಿ ಬಾರಿಸಿದರು. ವಾರವಾಯಿತು, ಅಪ್ಪನ ಬೈಕಿನ ಸದ್ದು ಕೇಳಿದರೆ ಸಾಕು, ಒಳಕೋಣೆ ಸೇರಿಕೊಳ್ಳುತ್ತಾನೆ. ‘ನಮ್ಮಪ್ಪ ಹೊಡೆದಿದ್ದಕ್ಕೇ ನಾನು ಮನುಷ್ಯ ಆಗಿದ್ದು’ ಅಂತಾರೆ ಇವರು. ಅತ್ತೆಯವರು ‘ಹೋಗಲಿ ಬಿಡಿ, ಮಗು’ ಅಂತಾರೆ. ಯಾರ ಮಾತು ಕೇಳಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ಇಬ್ಬರ ಮಾತೂ ಬೇಡಮ್ಮ.

ನಾನು 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವಳು. ಶುರುವಿನ ವರ್ಷಗಳಲ್ಲಿ ಹೊಡೆದಿದ್ದೇನೆ. ಹದಿಮೂರರ ಮಗ್ಗಿ ಬರೆದು ತರಲಿಲ್ಲವೆಂದು ಒಬ್ಬ ಹುಡುಗನ ಬೆರಳ ಗೆಣ್ಣಿನ ಮೇಲೆ ರೂಲುದೊಣ್ಣೆಯಿಂದ ಕೊಟ್ಟೆ. ಮಾರನೇ ದಿನದಿಂದ ಮಗ್ಗಿ ತಪ್ಪದೆ ಬಂತು, ಮುದ್ದಾದ ಅಕ್ಷರದಲ್ಲಿ. ನನಗೆ ಹೆಮ್ಮೆ. ತಿಂಗಳಾದ ಮೇಲೆ ಗೊತ್ತಾಯಿತು, ಪಕ್ಕದ ಮನೆ ಹುಡುಗಿಗೆ ನೆಲ್ಲಿಕಾಯಿ ಕೊಟ್ಟು ಬರೆಸಿಕೊಳ್ಳುತ್ತಿದ್ದ. ಬೋರ್ಡಿನ ಮುಂದೆ ನಿಲ್ಲಿಸಿದರೆ ಹದಿಮೂರು ನಾಲ್ಕಲಿ ಎಷ್ಟು ಅಂತ ಬರಲಿಲ್ಲ. ಸಿಕ್ಕಿಬೀಳದಿರುವುದು ಹೇಗೆಂದು ಮಾತ್ರ ನನ್ನ ಏಟಿನಿಂದ ಕಲಿತಿದ್ದ. ಅವನ ಊದಿದ ಗೆಣ್ಣು ಇವತ್ತಿಗೂ ನನ್ನ ಕಣ್ಣಮುಂದಿದೆ.

ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಗೆ ಬಂತು. ಅದರ 17ನೇ ಕಲಮು ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮೇಷ್ಟ್ರು ಎತ್ತಬಾರದ ಕೈಯನ್ನು ಅಪ್ಪ ಎತ್ತಬಹುದೇ? ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ.

ಹಾಗಂತ ‘ಹೋಗಲಿ ಬಿಡಿ’ ಅನ್ನಲೂಬೇಡಿ. ಆ ದುಡ್ಡು ವಾಪಸ್ ಬರಲೇಬೇಕು. ವಾರಕ್ಕೆ 10 ರೂಪಾಯಿ ಕೈಖರ್ಚು ಕೊಡುತ್ತೀರಿ ಎಂದಿಟ್ಟುಕೊಳ್ಳಿ, ಹತ್ತು ವಾರ ಅದನ್ನು ಅವನೇ ಅಜ್ಜಿಯ ಅಂಗೈಗೆ ಇಡಲಿ. ಒಂಬತ್ತು ವರ್ಷದವನಿಗೆ ಹತ್ತು ವಾರ ಸಣ್ಣ ಕಾಲವಲ್ಲ. ನಡುವೆ ಅಜ್ಜಿ ‘ಬೇಡ ಕಂದ, ಇಟ್ಕೋ’ ಅಂದರೆ ಎಲ್ಲ ನೀರಪಾಲು. ಅವರಿಗೆ ಮೊದಲೇ ಹೇಳಿಡಿ, ನಿಮಗೆ ಕಷ್ಟವಾಗುವುದು ಇದೇ. ಬಂದ ನೆಂಟರೆದುರು ‘ನಮ್ಮನೆ ಕಳ್ಳ’ ಅನ್ನುವ ಮಾತು ಮಾತ್ರ ಯಾರ ಬಾಯಲ್ಲೂ ಬರಕೂಡದು. ಬೆಲ್ಟಿನ ಬಾಸುಂಡೆ ವಾರದಲ್ಲಿ ಮಾಯುತ್ತದೆ, ಆ ಹೆಸರು ಮಾಯುವುದಿಲ್ಲ.

ಇನ್ನು ಅಪ್ಪ. ಒಂದು ಸಂಜೆ ಮಗನನ್ನು ಬೈಕಿನಲ್ಲಿ ಕೂರಿಸಿಕೊಂಡು ಕೆರೆ ಏರಿಯವರೆಗೆ ಹೋಗಿಬರಲಿ. ‘ಕದ್ದಿದ್ದು ನಿನ್ನ ತಪ್ಪು, ಹೊಡೆದಿದ್ದು ನನ್ನ ತಪ್ಪು’ ಎಂದು ಅವರ ಬಾಯಿಂದಲೇ ಬರಲಿ. ಹುಡುಗ ತಕ್ಷಣ ಮಾತಾಡದಿದ್ದರೆ ಒತ್ತಾಯ ಬೇಡ.

ಅಜ್ಜಿಯ ಚೀಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀರೇನೋ. ತೆಗೆದು, ಅದು ಮೊದಲಿದ್ದ ಮೊಳೆಗೇ ನೇತುಹಾಕಿ.