ಅಭ್ಯಾಸಕ್ಕೆ ಮರಳುವ ಮೊದಲ ವಾರ

ಪರೀಕ್ಷೆಗಳು ಮುಗಿದ ಬೆನ್ನಿಗೇ ತೊಡೆಯ ಹಿಂಬದಿ ಹಿಡಿದುಕೊಂಡು ಕುಂಟುತ್ತಾ ನನ್ನಲ್ಲಿಗೆ ಬರುವ ಹುಡುಗರನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಅವರೆಲ್ಲರೂ ಹೇಳುವುದು ಒಂದೇ ಸಂಗತಿ: ಪರೀಕ್ಷೆಗೆಂದು ಬಿಟ್ಟ ಅಭ್ಯಾಸವನ್ನು ಒಮ್ಮೆಲೇ ತುಂಬಿಕೊಳ್ಳಲು ಹೋದೆವು. ಈ ಸಲದ ಪತ್ರಗಳಲ್ಲಿ ಹೆಚ್ಚಿನವೂ ಹಾಗೆ ಮಾಡಬಹುದೇ ಎಂದೇ ಕೇಳಿವೆ. ಆದ್ದರಿಂದ ಜಾಗದ ಬಹುಪಾಲನ್ನು ಮೊದಲ ಪ್ರಶ್ನೆಗೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ತುಮಕೂರಿನ ಕಾಲೇಜೊಂದರ ಫುಟ್‌ಬಾಲ್ ತಂಡದಲ್ಲಿ ಮಿಡ್‌ಫೀಲ್ಡರ್, ವಯಸ್ಸು 20. ಪರೀಕ್ಷೆಗಾಗಿ 16 ದಿನ ಮೈದಾನದ ಕಡೆ ತಲೆ ಹಾಕಲಿಲ್ಲ. ಮೊನ್ನೆ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಓಡಿದಾಗ ಎರಡೇ ಸುತ್ತಿಗೆ ಏದುಸಿರು ಬಂತು. ಎಂಟು ದಿನಕ್ಕೆ ಟೂರ್ನಿ ಇದೆ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಅಭ್ಯಾಸ ಮಾಡಿದರೆ ಹಳೆಯ ಫಿಟ್‌ನೆಸ್ ಬರುವುದೇ?

ಉತ್ತರ: ಎರಡೂ ಹೊತ್ತು ಅಭ್ಯಾಸ ಮಾಡುವ ಯೋಚನೆಯನ್ನು ಮೊದಲು ಕೈಬಿಡಿ. ಆ ಯೋಚನೆಯೇ ಹುಡುಗರನ್ನು ನನ್ನ ಬಳಿಗೆ ಕಳುಹಿಸುತ್ತಿದೆ.

ನಿಮ್ಮ ದೇಹದಲ್ಲಿ ಏನಾಗಿದೆ ಎಂಬುದನ್ನು ತಿಳಿದುಕೊಳ್ಳಿ. ನಿಯಮಿತವಾಗಿ ಅಭ್ಯಾಸ ಮಾಡುವವನ ಮೈಯಲ್ಲಿ ರಕ್ತದ ಪ್ರಮಾಣವೇ ಹೆಚ್ಚಿರುತ್ತದೆ. ಅಭ್ಯಾಸ ನಿಂತ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಇಳಿಯತೊಡಗುತ್ತದೆ. ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ. ಆ ಕೊರತೆಯನ್ನು ತುಂಬಲು ಬಡಿತ ಏರುತ್ತದೆ. ನಿಮಗೆ ಎರಡನೆಯ ಸುತ್ತಿನಲ್ಲಿ ಬಂದ ಏದುಸಿರಿಗೆ ಮುಖ್ಯ ಕಾರಣ ಇದು. ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ಪಳಗಿದ ಓಟಗಾರರು ಮತ್ತು ಸೈಕಲ್ ಸವಾರರು ಅಭ್ಯಾಸವನ್ನು ಪೂರ್ತಿ ನಿಲ್ಲಿಸಿದಾಗ, ಅವರ ಗರಿಷ್ಠ ಆಮ್ಲಜನಕ ಬಳಕೆಯ ಸಾಮರ್ಥ್ಯ ಮೊದಲ 21 ದಿನಗಳಲ್ಲಿ ಶೇ 7ರಷ್ಟು ಕುಸಿಯಿತು; 56 ದಿನಗಳ ಹೊತ್ತಿಗೆ ಶೇ 16ರಷ್ಟು ಕೆಳಗಿಳಿದು ಅಲ್ಲಿಗೆ ನಿಂತಿತು. 84 ದಿನ ಕಳೆದ ಮೇಲೂ ಅವರು ಎಂದೂ ಅಭ್ಯಾಸ ಮಾಡದವರಿಗಿಂತ ಮೇಲೆಯೇ ಇದ್ದರು. ಹೀಗಿರುವಾಗ 16 ದಿನಕ್ಕೆ ವರ್ಷಗಳ ಶ್ರಮ ಮಣ್ಣುಪಾಲಾಯಿತೆಂದು ನಿಮ್ಮನ್ನು ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ.

ಹಾಗೆಂದು ಏನೂ ಆಗಿಲ್ಲವೆಂದು ತಿಳಿಯುವುದೂ ತಪ್ಪು. ಫುಟ್‌ಬಾಲ್ ಒಂದೇ ಸಮನೆ ಓಡುವ ಆಟವಲ್ಲ. 90 ನಿಮಿಷಗಳಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ಸಾಗುವ ಮಿಡ್‌ಫೀಲ್ಡರ್ ನಡುನಡುವೆ ಮತ್ತೆ ಮತ್ತೆ ಪೂರ್ಣ ವೇಗಕ್ಕೆ ಏರಬೇಕು, ತಟ್ಟನೆ ನಿಲ್ಲಬೇಕು, ತಿರುಗಬೇಕು. ಡೆನ್ಮಾರ್ಕಿನಲ್ಲಿ ಫುಟ್‌ಬಾಲ್ ಆಟಗಾರರ ಮೇಲೆಯೇ ನಡೆದ ಅಧ್ಯಯನದಲ್ಲಿ, ಎರಡು ವಾರ ಅಭ್ಯಾಸ ಬಿಟ್ಟವರು ಒಂದರ ಹಿಂದೊಂದು ಸ್ಪ್ರಿಂಟ್ ಓಡುವ ಪರೀಕ್ಷೆಯಲ್ಲಿಯೂ ಏರುವ ವೇಗದಲ್ಲಿ ಹಿಂದೆ-ಮುಂದೆ ಓಡಿಸುವ ಯೋ-ಯೋ ಪರೀಕ್ಷೆಯಲ್ಲಿಯೂ ಹಿಂದೆ ಬಿದ್ದರು. ಆದರೆ ಕಾಲಿನ ಬಲ ಮಾತ್ರ ಮೂರು-ನಾಲ್ಕು ವಾರಗಳವರೆಗೆ ಹೆಚ್ಚೇನೂ ಇಳಿಯುವುದಿಲ್ಲ. ಅಪಾಯ ಇರುವುದು ಇಲ್ಲಿಯೇ. ಮೊದಲ ಹತ್ತು ನಿಮಿಷ ಕಾಲು ಹಳೆಯ ವೇಗದಲ್ಲೇ ಹೋಗುವುದರಿಂದ ಆಟಗಾರನಿಗೆ ತನ್ನ ಕೊರತೆ ಗೊತ್ತಾಗುವುದಿಲ್ಲ. ದ್ವಿತೀಯಾರ್ಧದಲ್ಲಿ ದಣಿದ ಮೇಲೆಯೂ ಅದೇ ವೇಗವನ್ನು ಬಯಸುತ್ತಾನೆ, ಆಗ ತೊಡೆಯ ಹಿಂಬದಿಯ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್ ಹರಿಯುತ್ತದೆ. 2020ರಲ್ಲಿ ಕೋವಿಡ್‌ನಿಂದಾದ ಸುಮಾರು ಎರಡು ತಿಂಗಳ ಬಿಡುವಿನ ನಂತರ ಮೇ 16ರಂದು ಜರ್ಮನಿಯ ಅಗ್ರ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾ ಮತ್ತೆ ಆರಂಭವಾದಾಗ, ಆಟಗಾರರ ಮೇಲಿನ ಹೊರೆ ಇಳಿಸಲೆಂದು ಮೂರರ ಬದಲು ಐವರು ಬದಲಿ ಆಟಗಾರರಿಗೆ ಅವಕಾಶ ಕೊಡಲಾಗಿತ್ತು. ವೈದ್ಯರ ಪಡೆಯನ್ನೇ ಇಟ್ಟುಕೊಂಡ ವೃತ್ತಿಪರ ತಂಡಗಳೇ ಅಷ್ಟು ಎಚ್ಚರ ವಹಿಸಿರುವಾಗ ಕಾಲೇಜು ತಂಡಕ್ಕೆ ಅವಸರವೇಕೆ?

ನಿಮಗಿರುವ ಎಂಟು ದಿನಗಳನ್ನು ಹೀಗೆ ಬಳಸಿ. ಮೊದಲ ದಿನ ಚೆಂಡಿನೊಂದಿಗೆ 40 ನಿಮಿಷದ ಹಗುರ ಓಡಾಟ ಸಾಕು. ಎರಡನೆಯ ದಿನ, ಮಾತನಾಡಲು ಕಷ್ಟವಾಗುವಷ್ಟು ವೇಗದಲ್ಲಿ 4 ನಿಮಿಷದ ಓಟ, ನಡುವೆ 3 ನಿಮಿಷ ನಡಿಗೆ, ಹೀಗೆ ನಾಲ್ಕು ಸಲ. ಕಳೆದುಹೋದ ಪ್ಲಾಸ್ಮಾ ಇಂಥ ಅಭ್ಯಾಸಕ್ಕೆ ಬೇಗನೆ ಸ್ಪಂದಿಸುವುದರಿಂದ ನಾಲ್ಕೈದು ದಿನಗಳಲ್ಲಿ ಉಸಿರು ಹಗುರಾಗುವುದು ನಿಮಗೇ ತಿಳಿಯುತ್ತದೆ. ಮೂರನೆಯ ದಿನ ಬರಿಯ ಪಾಸಿಂಗ್. ನಾಲ್ಕನೆಯ ದಿನ ಚಿಕ್ಕ ಅಂಗಳದಲ್ಲಿ ನಾಲ್ವರ ಎದುರು ನಾಲ್ವರ ಆಟ. ಐದನೆಯ ದಿನ ನಡಿಗೆಯನ್ನು ಬಿಟ್ಟು ಬೇರೇನೂ ಬೇಡ. ಪೂರ್ಣ ವೇಗದ ಸ್ಪ್ರಿಂಟನ್ನು ಆರನೆಯ ದಿನದವರೆಗೆ ಮುಟ್ಟಬೇಡಿ. ಅಂದೂ ಐದಾರು ಓಟಕ್ಕೆ ನಿಲ್ಲಿಸಿ. ಏಳನೆಯ ದಿನ ಅರ್ಧ ಗಂಟೆಯ ಹಗುರ ಅಭ್ಯಾಸ. ಮೊದಲ ಪಂದ್ಯದಲ್ಲಿ ಅರ್ಧ ಹೊತ್ತಷ್ಟೇ ಆಡುವುದಾಗಿ ಕೋಚ್‌ಗೆ ಮೊದಲೇ ತಿಳಿಸಿ. ನನ್ನದು ಅತಿ ಎಚ್ಚರವೆಂದು ಕೆಲವು ತರಬೇತುದಾರರು ಆಕ್ಷೇಪಿಸುತ್ತಾರೆ. ಹರಿದ ಸ್ನಾಯುವಿನಿಂದಾಗಿ ಇಡೀ ಋತುವನ್ನು ಕಳೆದುಕೊಂಡ ಹುಡುಗರ ಮುಖ ನೋಡಿರುವ ನಾನು ಈ ಸಲಹೆಯನ್ನು ಸಡಿಲಿಸಲಾರೆ.

ಮುಂದಿನ ಪರೀಕ್ಷೆಯ ವೇಳೆ ಪೂರ್ತಿ ಬಿಡಬೇಡಿ. ಅಭ್ಯಾಸದ ದಿನಗಳನ್ನು ವಾರಕ್ಕೆ ಆರರಿಂದ ಎರಡಕ್ಕೆ ಇಳಿಸಿದರೂ, ತೀವ್ರತೆಯನ್ನು ಇಳಿಸದಿದ್ದರೆ ಸಾಮರ್ಥ್ಯ ವಾರಗಟ್ಟಲೆ ಉಳಿಯುತ್ತದೆ ಎಂಬುದು 1980ರ ದಶಕದಿಂದಲೇ ತಿಳಿದಿರುವ ವಿಷಯ. ನಾರ್ವೆಯ ಫುಟ್‌ಬಾಲ್ ಆಟಗಾರರಲ್ಲಿ ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಮಾಡಿದ ಇಂಥ 4 ನಿಮಿಷದ ಬಿರುಸಿನ ಓಟಗಳೂ 6 ವಾರ ಆಮ್ಲಜನಕ ಸಾಮರ್ಥ್ಯವನ್ನು ಕಾಪಾಡಿದವು. ಓದಿನ ನಡುವೆ ವಾರದಲ್ಲಿ ಎರಡು ಸಲ ಅರ್ಧ ಗಂಟೆ ಸಿಗುವುದಿಲ್ಲವೆಂದರೆ ನಾನು ಒಪ್ಪುವುದಿಲ್ಲ.

ಪ್ರಶ್ನೆ: ಅಭ್ಯಾಸ ಬಿಟ್ಟರೆ ಸ್ನಾಯುಗಳೆಲ್ಲ ಕೊಬ್ಬಾಗಿ ಬದಲಾಗುತ್ತವೆಯೇ? (ತಿಪಟೂರು)

ಉತ್ತರ: ಇಲ್ಲ. ಅವೆರಡೂ ಬೇರೆ ಬೇರೆ ಅಂಗಾಂಶಗಳು.

ಪ್ರಶ್ನೆ: ನಿವೃತ್ತಿಯಾಗಿದ್ದ ಸುನಿಲ್ ಛೆಟ್ರಿ ತಿಂಗಳುಗಳ ನಂತರ ಮರಳಿ ಗೋಲು ಹೊಡೆದರಲ್ಲವೇ? ಬಿಡುವಿನಿಂದ ಏನು ನಷ್ಟ? (ತುಮಕೂರು)

ಉತ್ತರ: ಅವರು 2024ರ ಜೂನ್‌ನಲ್ಲಿ ಬಿಟ್ಟದ್ದು ರಾಷ್ಟ್ರೀಯ ತಂಡವನ್ನು ಮಾತ್ರ, 2025ರ ಮಾರ್ಚ್‌ನಲ್ಲಿ ಮರಳುವವರೆಗೂ ಬೆಂಗಳೂರು ಎಫ್‌ಸಿಗೆ ಆಡುತ್ತಲೇ ಇದ್ದರು.

ಪ್ರಶ್ನೆ: ಬಿಡುವಿನ ನಂತರ ಬೇಗ ಹಗುರಾಗಲು ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡಬಹುದೇ? (ಶಿರಾ)

ಉತ್ತರ: ಬೇಡವೇ ಬೇಡ. ಬೆವರಿನಲ್ಲಿ ಹೋಗುವುದು ನೀರು, ಕೊಬ್ಬಲ್ಲ. ಬಿಡುವಿನಿಂದ ಮರಳಿದವನ ರಕ್ತದಲ್ಲಿ ಮೊದಲೇ ಕಡಿಮೆಯಾಗಿರುವುದೂ ಆ ನೀರೇ. ಶಿರಾದ ಬಿಸಿಲಿನಲ್ಲಿ ಇದು ಪ್ರಾಣಕ್ಕೇ ಎರವಾಗಬಹುದು.

ಪ್ರಶ್ನೆ: ಪಂದ್ಯದ ಹಿಂದಿನ ದಿನ ಗ್ಲೂಕೋಸ್ ಬಾಟಲಿ ಏರಿಸಿಕೊಂಡರೆ ಸ್ಟ್ಯಾಮಿನಾ ಬರುತ್ತದೆಂದು ನಮ್ಮೂರಿನ ವೈದ್ಯರೊಬ್ಬರು ಹೇಳಿದರು. (ಗುಬ್ಬಿ)

ಉತ್ತರ: ಆರೋಗ್ಯವಂತ ಯುವಕನಿಗೆ ಬಾಟಲಿ ಏರಿಸಿ ಹಣ ಪಡೆಯುವುದು ವೈದ್ಯಕೀಯವಲ್ಲ, ವಂಚನೆ. ಒಂದು ಲೋಟ ಸಕ್ಕರೆ-ಉಪ್ಪಿನ ನೀರು ಹೊಟ್ಟೆಯ ಮೂಲಕವೇ ಆ ಕೆಲಸ ಮಾಡುತ್ತದೆ. ಆಸ್ಪತ್ರೆಯ ಚಿಕಿತ್ಸೆಯ ಭಾಗವಾಗಿ ಅಲ್ಲದೆ 12 ಗಂಟೆಗಳಲ್ಲಿ 100 ಮಿಲಿಲೀಟರಿಗಿಂತ ಹೆಚ್ಚು ದ್ರವವನ್ನು ರಕ್ತನಾಳಕ್ಕೆ ಏರಿಸಿಕೊಳ್ಳುವುದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಯಮದಂತೆ ನಿಷಿದ್ಧವೂ ಹೌದು.

ಪ್ರಶ್ನೆ: 17 ವರ್ಷದ ನನ್ನ ಮಗ ಡೆಂಗಿಯಿಂದ ಚೇತರಿಸಿಕೊಂಡು ಹತ್ತು ದಿನವಾಯಿತು. ಫುಟ್‌ಬಾಲ್ ತಂಡಕ್ಕೆ ಮರಳಬಹುದೇ? (ಕುಣಿಗಲ್)

ಉತ್ತರ: ತಾಯಿ, ಮೇಲೆ ಬರೆದ ಎಂಟು ದಿನಗಳ ಕ್ರಮ ನಿಮ್ಮ ಮಗನಿಗೆ ಅನ್ವಯಿಸುವುದಿಲ್ಲ. ಜ್ವರದಿಂದ ಬಂದ ಬಿಡುವು ಪರೀಕ್ಷೆಯ ಬಿಡುವಿನಂತಲ್ಲ; ವೈರಸ್ ಕೆಲವೊಮ್ಮೆ ಹೃದಯದ ಸ್ನಾಯುವಿನಲ್ಲಿಯೂ ಉರಿಯೂತ ಉಂಟುಮಾಡುತ್ತದೆ. ಪ್ಲೇಟ್‌ಲೆಟ್ ಎಣಿಕೆ ಸರಿಹೋಗಿರುವುದನ್ನು ಖಚಿತಪಡಿಸಿಕೊಂಡು, ಚಿಕಿತ್ಸೆ ನೀಡಿದ ವೈದ್ಯರ ಒಪ್ಪಿಗೆ ಪಡೆದ ಮೇಲೆ ನಡಿಗೆಯಿಂದ ಆರಂಭಿಸಲಿ. ನಡೆಯುವಾಗ ಎದೆನೋವು, ಎದೆಬಡಿತದಲ್ಲಿ ಏರುಪೇರು, ತಲೆಸುತ್ತು ಯಾವುದೇ ಕಂಡುಬಂದರೂ ಅಂದೇ ಇಸಿಜಿ ಮಾಡಿಸಿ. ಹೃದಯದ ಉರಿಯೂತವೆಂದು ಗೊತ್ತಾದರೆ ಮೂರರಿಂದ ಆರು ತಿಂಗಳು ಆಟದಿಂದ ದೂರ ಇರಬೇಕಾಗುತ್ತದೆ. ತಂಡದವರು ಎಷ್ಟೇ ಒತ್ತಾಯಿಸಿದರೂ ಈ ವಾರ ಅವನನ್ನು ಮೈದಾನಕ್ಕೆ ಕಳುಹಿಸಬೇಡಿ.