ಗುಂಯ್‌ಗುಡುವ ಟರ್ನ್‌ಟೇಬಲ್, ಊಳಿಡುವ ಸ್ಪೀಕರ್

ಪ್ರಶ್ನೆ: ತಂದೆಯವರು 1970ರ ದಶಕದಲ್ಲಿ ಕೊಂಡಿದ್ದ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ (ರೆಕಾರ್ಡ್ ನುಡಿಸುವ ಯಂತ್ರ) ಮೂವತ್ತು ವರ್ಷ ಅಟ್ಟದ ಮೇಲಿತ್ತು. ಹೊಸ ಬೆಲ್ಟು, ಹೊಸ ಮುಳ್ಳು ಹಾಕಿಸಿ, ಅದರ ಐದು ಕಡ್ಡಿಯ ಡಿನ್ ಪ್ಲಗ್ಗಿಗೆ ಅಡಾಪ್ಟರ್ ಸೇರಿಸಿ, ಕಳೆದ ವರ್ಷ ಕೊಂಡ ಆಂಪ್ಲಿಫೈಯರಿಗೆ ಜೋಡಿಸಿದ್ದೇನೆ. ಹಾಡು ಚೆನ್ನಾಗಿಯೇ ಬರುತ್ತದೆ, ಆದರೆ ಹಿಂದೆ ಸದಾ ಗುಂಯ್ ಎನ್ನುವ ಸದ್ದು. ಮುಳ್ಳನ್ನು ಹೊತ್ತ ತೋಳಾದ ಟೋನ್‌ಆರ್ಮಿನ ಲೋಹವನ್ನು ಬೆರಳಿನಿಂದ ಮುಟ್ಟಿದರೆ ಸದ್ದು ಅರ್ಧಕ್ಕಿಳಿಯುತ್ತದೆ. ರಿಪೇರಿಯವರು ಮೋಟಾರ್ ಬದಲಿಸಬೇಕೆನ್ನುತ್ತಾರೆ. ನೆರೆಯವರು ಆಂಪ್ಲಿಫೈಯರಿನ ಅರ್ಥ್ ಪಿನ್ ಕತ್ತರಿಸಿದರೆ ಸಾಕೆನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಧಾರವಾಡ

ಉತ್ತರ: ಇಬ್ಬರ ಮಾತನ್ನೂ ಕೇಳಬೇಡಿ. ನಿಮ್ಮ ಬೆರಳೇ ರೋಗವನ್ನು ಗುರುತಿಸಿಬಿಟ್ಟಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಸದ್ದು ಇಷ್ಟು ದೊಡ್ಡದಾಗಿ ಏಕೆ ಕೇಳಿಸುತ್ತದೆ ಎಂಬುದನ್ನು ನೋಡೋಣ. ಮುಳ್ಳಿನ ನಡುಕವನ್ನು ವಿದ್ಯುತ್ತಾಗಿಸುವ ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ಜಿನಿಂದ ಹೊರಡುವ ವಿದ್ಯುತ್ತು 3ರಿಂದ 5 ಮಿಲಿವೋಲ್ಟ್ ಮಾತ್ರ. ಅದನ್ನು ಆಂಪ್ಲಿಫೈಯರಿನಲ್ಲಿ ರೆಕಾರ್ಡಿಗೆಂದೇ ಇರುವ ಫೋನೋ ವಿಭಾಗ ಸುಮಾರು ನೂರು ಪಟ್ಟು ಹಿಗ್ಗಿಸುತ್ತದೆ. ಇದರ ಜೊತೆಗೆ, 1950ರ ದಶಕದ ನಡುವೆ ಜಾರಿಗೆ ಬಂದ, ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘವಾದ ಆರ್‌ಐಎಎಯ ಪದ್ಧತಿಯಂತೆ ರೆಕಾರ್ಡಿನಲ್ಲಿ ಮಂದ್ರದ ಸ್ವರಗಳನ್ನು ಕುಗ್ಗಿಸಿ ಕೊರೆದಿರುವುದರಿಂದ, ನುಡಿಸುವಾಗ ಅವುಗಳನ್ನು ಅಷ್ಟೇ ಪ್ರಮಾಣದಲ್ಲಿ ಎತ್ತಬೇಕಾಗುತ್ತದೆ; 50 ಹರ್ಟ್ಸಿನಲ್ಲಿ (ಸೆಕೆಂಡಿಗೆ 50 ಕಂಪನ) ಈ ಏರಿಕೆ 1000 ಹರ್ಟ್ಸಿಗೆ ಹೋಲಿಸಿದರೆ ಹೆಚ್ಚುಕಡಿಮೆ ಏಳು ಪಟ್ಟು. ನಮ್ಮ ಮನೆಯ ವಿದ್ಯುತ್ತಿನ ಆವರ್ತವೂ 50 ಹರ್ಟ್ಸೇ ಆಗಿರುವುದು ದುರದೃಷ್ಟ. ಗೋಡೆಯ ವೈರಿನಿಂದ ಸೋರಿದ ಕಣದಷ್ಟು ವಿದ್ಯುತ್ತು ಸಿಗ್ನಲ್ ತಂತಿಯನ್ನು ತಾಕಿದರೂ ಅದು ಏಳುನೂರು ಪಟ್ಟು ಹಿಗ್ಗಿ ಸ್ಪೀಕರಿಗೆ ಬರುತ್ತದೆ. ಹಾರ್ಮೋನಿಯಂನ ಬಿಳಿ ಐದಕ್ಕೆ ಕೂದಲೆಳೆಯಷ್ಟು ಮೇಲಿರುವ ಬಹು ಮಂದ್ರದ ಸ್ವರವದು. ಧಾರವಾಡದ ಕಿವಿಗೆ ಅದು ಶ್ರುತಿ ಸೇರದ ತಂಬೂರಿಯಂತೆ ಹಿಂಸೆ ಕೊಡುವುದು ಸಹಜವೇ.

ಮೋಟಾರ್ ನಿರಪರಾಧಿಯೇ ಎಂಬುದನ್ನು ನೀವೇ ಪರೀಕ್ಷಿಸಬಹುದು. ಸಿಗ್ನಲ್ ಕೇಬಲ್ ಹಾಗೆಯೇ ಇರಲಿ, ಟರ್ನ್‌ಟೇಬಲ್ಲಿನ ಮುಖ್ಯ ಪ್ಲಗ್ಗನ್ನು ಮಾತ್ರ ಗೋಡೆಯಿಂದ ಕಿತ್ತುಬಿಡಿ. ಆಗಲೂ ಗುಂಯ್ ಎನ್ನುತ್ತಿದ್ದರೆ ಮೋಟಾರಿಗೆ ಹಣ ಸುರಿಯಬೇಕಾಗಿಲ್ಲ. ಮುಂದೆ ಸದ್ದನ್ನು ಸೊನ್ನೆಗಿಳಿಸಿ ಕೇಬಲ್ಲನ್ನೂ ಕಳಚಿ ನೋಡಿ. ವಾಲ್ಯೂಮ್ ಸೊನ್ನೆಯಲ್ಲಿದ್ದಾಗಲೂ ಉಳಿಯುವ, 100 ಹರ್ಟ್ಸಿನ ಒರಟಾದ ಬುರ್ ಸದ್ದಾದರೆ ಆಂಪ್ಲಿಫೈಯರಿನ ಪವರ್ ಸಪ್ಲೈ ಕೆಪಾಸಿಟರುಗಳು ಒಣಗಿರಬಹುದು. ಹಳೆಯ ಆಂಪ್ಲಿಫೈಯರುಗಳಲ್ಲಿ ಇದು ಸಾಮಾನ್ಯ, ವರ್ಷದ ಹಿಂದೆ ಕೊಂಡ ನಿಮ್ಮದರಲ್ಲಿ ಸಂಭವ ಕಡಿಮೆ.

ಈಗ ಬೆರಳಿನ ವಿಚಾರ. ಮುಟ್ಟಿದಾಗ ಸದ್ದು ಇಳಿಯುತ್ತದೆ ಎಂದರೆ ಟೋನ್‌ಆರ್ಮಿನ ಲೋಹಕ್ಕೆ ಅರ್ಥ್ ಸಂಪರ್ಕ ತಪ್ಪಿದೆ, ಅದರ ಕೆಲಸವನ್ನು ನಿಮ್ಮ ದೇಹ ಅರೆಬರೆ ಮಾಡುತ್ತಿದೆ ಎಂದರ್ಥ. ನನ್ನ ಸಂಶಯವೆಲ್ಲ ಆ ಅಡಾಪ್ಟರಿನ ಮೇಲೆ. ಡಿನ್ ಪ್ಲಗ್ಗಿನಲ್ಲಿ ಮೂರನೆಯ ಕಡ್ಡಿ ಎಡ, ಐದನೆಯದು ಬಲ, ನಡುವಿನ ಎರಡನೆಯದು ಎರಡಕ್ಕೂ ಸೇರಿದ ಗ್ರೌಂಡ್. ಲೋಹದ ಚಾಸಿಯೂ (ಯಂತ್ರದ ಚೌಕಟ್ಟು) ಆರ್ಮೂ ಇದೇ ಪ್ಲಗ್ಗಿನ ಮೂಲಕ ಅರ್ಥ್ ಆಗುವ ವ್ಯವಸ್ಥೆ ಆ ಕಾಲದ ಅನೇಕ ಯುರೋಪಿಯನ್ ಯಂತ್ರಗಳಲ್ಲಿತ್ತು. ಅಗ್ಗದ ಅಡಾಪ್ಟರುಗಳು ಎರಡು ಚಾನೆಲ್‌ಗಳನ್ನು ಸಾಗಿಸಿ ಚಾಸಿಯ ಸಂಪರ್ಕವನ್ನು ನಡುದಾರಿಯಲ್ಲಿ ಕೈಬಿಡುತ್ತವೆ. ಗೋಡೆಯಿಂದ ಮುಖ್ಯ ಪ್ಲಗ್ ಕಿತ್ತು, ತಳದ ಹಲಗೆ ತೆಗೆದು, ಚಾಸಿಯ ಯಾವುದಾದರೊಂದು ಸ್ಕ್ರೂಗೆ ಬಣ್ಣ ಕೆರೆದು ಒಂದು ತೆಳು ವೈರ್ ಬಿಗಿಯಿರಿ. ಅದರ ಇನ್ನೊಂದು ತುದಿಯನ್ನು ಆಂಪ್ಲಿಫೈಯರಿನ ಹಿಂದೆ ಫೋನೋ ಸಾಕೆಟ್ಟಿನ ಪಕ್ಕದಲ್ಲಿರುವ ಗ್ರೌಂಡ್ ತಿರುಪಿಗೆ ಕಟ್ಟಿ. ನಿಮ್ಮ ತೊಂದರೆ ಅಲ್ಲಿಗೇ ಮುಗಿಯುವ ಸಾಧ್ಯತೆ ಹೆಚ್ಚು. ವೈರ್ ಕಟ್ಟಿದ ಮೇಲೆ ಸದ್ದು ಹೆಚ್ಚಿದರೆ ಮಾತ್ರ, ಅರ್ಥ್ ಎರಡು ದಾರಿಗಳಲ್ಲಿ ತಲುಪಿ ಸುತ್ತು ಬಿದ್ದಿದೆ ಎಂದು ತಿಳಿದು ಸಿಗ್ನಲ್ ಬದಿಯ ಎರಡು ದಾರಿಗಳಲ್ಲಿ ಒಂದನ್ನು ಬಿಡಿಸಬೇಕು.

ಗೋಡೆಯ ಬದಿಯ ಅರ್ಥನ್ನು ಮಾತ್ರ ಎಂದಿಗೂ ಮುಟ್ಟಬೇಡಿ. ನೆರೆಯವರ ಉಪಾಯದಿಂದ ಸದ್ದು ನಿಲ್ಲಲೂಬಹುದು, ಅಪಾಯವಿರುವುದೇ ಅಲ್ಲಿ. ಆಂಪ್ಲಿಫೈಯರಿನೊಳಗೆ ಫೇಸ್ ತಂತಿ ಸಡಿಲಾಗಿ ಪೆಟ್ಟಿಗೆಗೆ ತಾಗಿದ ದಿನ, 230 ವೋಲ್ಟ್ ಹರಿದುಹೋಗಲು ಇರುವ ದಾರಿ ಆ ದಪ್ಪ ಪಿನ್ ಒಂದೇ. ಅದನ್ನು ಕತ್ತರಿಸಿದರೆ ಆ ವೋಲ್ಟೇಜು ನೀವು ಈಗತಾನೇ ಕಟ್ಟಿದ ತೆಳು ವೈರಿನ ಮೂಲಕ ಟೋನ್‌ಆರ್ಮಿಗೇ ಬಂದು ನಿಮ್ಮ ಕೈಗಾಗಿ ಕಾಯುತ್ತದೆ.

ಇಷ್ಟಾದರೂ ಒಂದೇ ಸ್ಪೀಕರಿನಲ್ಲಿ ಸದ್ದು ಉಳಿದರೆ ಕಾರ್ಟ್ರಿಜ್ಜಿನ ಹಿಂದಿನ ನಾಲ್ಕು ಪುಟ್ಟ ಪಿನ್ನುಗಳನ್ನು ನೋಡಿ. ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ನೀಲಿ, ಹಸಿರು ಗ್ರೌಂಡ್. ಮೂವತ್ತು ವರ್ಷದ ತೇವಕ್ಕೆ ಅಲ್ಲಿ ಕಪ್ಪು ಕಿಲುಬು ಹಿಡಿದಿರುತ್ತದೆ. ಚಿಮುಟದಿಂದ ಒಂದೊಂದನ್ನೇ ಹಿಂದೆ ಮುಂದೆ ಸರಿಸಿದರೆ ಸಾಕು, ಅಲ್ಲಿ ಬೆಸುಗೆ ಕೋಲು ಮುಟ್ಟಿಸಿದರೆ ಒಳಗಿನ ಸುರುಳಿ ಸುಟ್ಟುಹೋಗುತ್ತದೆ. ಇನ್ನು ಆರ್ಮ್ ರೆಕಾರ್ಡಿನ ನಡುವಿನತ್ತ ಸರಿದಂತೆ ಸದ್ದು ಏರಿಳಿದರೆ ಅದು ಹತ್ತಿರದ ಯಾವುದೋ ಟ್ರಾನ್ಸ್‌ಫಾರ್ಮರಿನ ಅಥವಾ ಮೋಟಾರಿನ ಕಾಂತಕ್ಷೇತ್ರ. ಪಕ್ಕದಲ್ಲೇ ಆಂಪ್ಲಿಫೈಯರ್ ಇಟ್ಟಿದ್ದರೆ ಮೊಳದಷ್ಟು ದೂರ ಸರಿಸಿ ಕೇಳಿ ನೋಡಿ.

ಪ್ರಶ್ನೆ: ನಮ್ಮದು ಮರದ ಮಾಳಿಗೆಯ ಹಳೆಯ ಮನೆ. ಟರ್ನ್‌ಟೇಬಲ್ಲೂ ಎರಡು ಸ್ಪೀಕರುಗಳೂ ಒಂದೇ ಸಾಗುವಾನಿ ಕಪಾಟಿನ ಮೇಲಿವೆ. ಸದ್ದನ್ನು ಅರ್ಧಕ್ಕಿಂತ ಮೇಲೇರಿಸಿದರೆ ಊಳಿಡುವಂಥ ಸದ್ದು ಹುಟ್ಟಿ ತಾನೇ ತಾನಾಗಿ ಬೆಳೆಯುತ್ತದೆ. ಯಾರಾದರೂ ನಡೆದರೆ ಮುಳ್ಳು ಹಾರುತ್ತದೆ. ಇದೂ ಅರ್ಥಿಂಗ್ ದೋಷವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಅಲ್ಲ. ಆರ್ಮನ್ನು ಎತ್ತಿದ ಕೂಡಲೇ ಸದ್ದು ನಿಂತರೆ ತಂತಿಯ ದೋಷವಲ್ಲವೆಂದು ಖಚಿತವಾಗುತ್ತದೆ. ಸಭೆಗಳಲ್ಲಿ ಮೈಕು ಕಿರುಚುವ ರೀತಿಯೇ ಇದು: ಸ್ಪೀಕರಿನ ನಡುಕ ಕಪಾಟಿನ ಹಲಗೆಯ ಮೂಲಕ ಮುಳ್ಳಿಗೆ ತಲುಪುತ್ತದೆ, ಮುಳ್ಳು ಅದನ್ನೂ ಹಾಡೆಂದೇ ತಿಳಿದು ಆಂಪ್ಲಿಫೈಯರಿಗೆ ಕಳಿಸುತ್ತದೆ, ಅದು ಮತ್ತೆ ಸ್ಪೀಕರಿಗೆ ಬರುತ್ತದೆ. ನಿಂತ ರೆಕಾರ್ಡಿನ ಮೇಲೆ ಮುಳ್ಳಿಟ್ಟು, ಮೋಟಾರ್ ಹಾಕದೆ, ವಾಲ್ಯೂಮನ್ನು ನಿಧಾನವಾಗಿ ಏರಿಸುತ್ತ ಕಪಾಟನ್ನು ಬೆರಳಿನಿಂದ ತಟ್ಟಿ. ಆ ಟಕ್ ಸ್ಪೀಕರಿನಲ್ಲಿ ಎಷ್ಟು ಜೋರಾಗಿ ಬರುತ್ತದೋ ನಿಮ್ಮ ತೊಂದರೆಯೂ ಅಷ್ಟು.

ಸ್ಪೀಕರುಗಳನ್ನು ಕಪಾಟಿನಿಂದ ಇಳಿಸುವುದಕ್ಕೆ ಮೊದಲು ಬೇರಾವ ಚಿಕಿತ್ಸೆಗೂ ಅರ್ಥವಿಲ್ಲ. ನಂತರ ಯಂತ್ರ ಯಾವ ಬಗೆಯದೆಂದು ನೋಡಬೇಕು. ರೆಕಾರ್ಡ್ ಇಡುವ ತಟ್ಟೆಯನ್ನೂ ಆರ್ಮನ್ನೂ ಸ್ಪ್ರಿಂಗುಗಳ ಮೇಲೆ ತೂಗಿಬಿಡುವ ಉಪಾಯವನ್ನು ಅಮೆರಿಕದ ಎಡ್ಗರ್ ವಿಲ್ಚರ್ 1961ರಲ್ಲಿ ತಮ್ಮ ಕಂಪನಿಯ ಟರ್ನ್‌ಟೇಬಲ್ಲಿನಲ್ಲಿ ಜನಪ್ರಿಯಗೊಳಿಸಿದರು, ಆಮೇಲೆ ಹಲವರು ಅದನ್ನು ಅನುಸರಿಸಿದರು. ನಿಮ್ಮದೂ ಅಂಥದ್ದಾದರೆ, ಸಾಗಣೆಗಾಗಿ ಬಿಗಿದ ತಿರುಪುಗಳು ಇನ್ನೂ ಹಾಗೆಯೇ ಇವೆಯೇ ಎಂದು ನೋಡಿ. ಇದ್ದರೆ ಸ್ಪ್ರಿಂಗುಗಳು ಇಷ್ಟು ವರ್ಷವೂ ಕೆಲಸ ಮಾಡದೆ ಕೂತಿವೆ. ಸ್ಪ್ರಿಂಗಿಲ್ಲದ ಯಂತ್ರವಾದರೆ ಒಂದಿಂಚು ದಪ್ಪದ ಕಡಪ ಕಲ್ಲಿನ ಕೆಳಗೆ, ಅರೆಬರೆ ಗಾಳಿ ತುಂಬಿದ ಮಕ್ಕಳ ಸೈಕಲ್ಲಿನ ಟ್ಯೂಬ್ ಇಡಿ. ನೋಡಲು ಹಾಸ್ಯಾಸ್ಪದವಾದರೂ ದುಬಾರಿ ರಬ್ಬರ್ ಪಾದಗಳಿಗಿಂತ ಇದನ್ನೇ ನಾನು ಮೆಚ್ಚುತ್ತೇನೆ. ಸ್ಪ್ರಿಂಗಿನ ಯಂತ್ರದ ಕೆಳಗೆ ಮಾತ್ರ ಟ್ಯೂಬ್ ಬೇಡ, ಮೆತ್ತನೆಯ ಮೇಲೆ ಮೆತ್ತನೆ ಸೇರಿ ಓಲಾಟ ಹೆಚ್ಚುತ್ತದೆ.

ಹೆಜ್ಜೆಗೆ ಮುಳ್ಳು ಹಾರುವುದು ಬೇರೆ ತೊಂದರೆ. ಮರದ ನೆಲ ಓಲಾಡುವುದು ಸೆಕೆಂಡಿಗೆ ಕೆಲವೇ ಸಲ. ಅಷ್ಟು ನಿಧಾನದ ಓಲಾಟವನ್ನು ಯಾವ ಮೆತ್ತೆಯೂ ತಡೆಯಲಾರದು, ಸ್ಪ್ರಿಂಗ್ ಅದನ್ನು ಇನ್ನಷ್ಟು ತೂಗುತ್ತದೆ. ನಿಮ್ಮ ಮನೆಯ ದಪ್ಪ ಗೋಡೆಗೆ ಬ್ರಾಕೆಟ್ ಹೊಡೆದು, ನೆಲದ ಹಂಗಿಲ್ಲದ ಹಲಗೆಯ ಮೇಲೆ ಯಂತ್ರವನ್ನಿಡುವುದೊಂದೇ ಪರಿಹಾರ.

ಪ್ರಶ್ನೆ: ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಜುಯ್ ಎನ್ನುವ ಸದ್ದು. ಫ್ಯಾನಿನ ವೇಗ ಇಳಿಸಿದಾಗಲೂ ಅಂಥದ್ದೇ.
– ಓದುಗರು, ಬೆಂಗಳೂರು

ಉತ್ತರ: ಟರ್ನ್‌ಟೇಬಲ್ಲಿನಲ್ಲಿ ದೋಷ ಹುಡುಕಬೇಡಿ. ಅಗ್ಗದ ಇನ್ವರ್ಟರ್ ಕೊಡುವುದು ಚೌಕಾಕಾರದ ಅಲೆ. ಅದರ ಚೂಪು ಅಂಚುಗಳಲ್ಲಿ 150, 250, 350 ಹರ್ಟ್ಸ್ ಹೀಗೆ ಮೇಲಿನ ಸ್ವರಗಳು ತುಂಬಿರುತ್ತವೆ, ಅವೇ ಜುಯ್ ಎನ್ನುವುದು. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಅಲೆಯನ್ನು ನಡುವೆ ಕತ್ತರಿಸುವುದರಿಂದ ಅದೇ ಗುಣದ ಸದ್ದು ಹುಟ್ಟುತ್ತದೆ. ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ಹಾಕಿಸಿ, ಕೆಪಾಸಿಟರ್ ಬಗೆಯ ರೆಗ್ಯುಲೇಟರಿಗೆ ಬದಲಾಯಿಸಿ. ಅಲ್ಲಿಯವರೆಗೆ ಹಾಡು ಕೇಳುವಾಗ ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸಿ, ಇಲ್ಲವೇ ನಿಲ್ಲಿಸಿ.