ಸೀರಮ್ ಸ್ಪೆಕ್ಟ್ರಮ್ ಪ್ರತಿಸಲ ಬೇರೆಯಾಗಿ ಬರುತ್ತಿರುವುದಕ್ಕೆ

ನೀವು ಹೇಳುವಂತೆ ಒಬ್ಬರೇ ಸಂಧಿವಾತ ರೋಗಿಯ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಎಟಿಆರ್-ಎಫ್‌ಟಿಐಆರ್‌ನಲ್ಲಿ (ಹರಳಿನ ಮೇಲಿಟ್ಟ ಮಾದರಿ ಇನ್‌ಫ್ರಾರೆಡ್ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯುವ ವಿಧಾನ) ಪ್ರತಿಸಲ ಬೇರೆ ಅಮೈಡ್-1 ಪಟ್ಟಿ (ಪ್ರೋಟೀನಿನ ಗುರುತು) ಕೊಡುತ್ತಿದೆ ಎಂದರೆ, ಬಹುಶಃ ಹನಿ ಪೂರ್ತಿ ಒಣಗಿಲ್ಲ. ನೀರಿನ ಪಟ್ಟಿಯೂ 1640 ಸೆಂ.ಮೀ⁻¹ ಆಸುಪಾಸಿನಲ್ಲೇ ಇದ್ದು ಅದರ ಮೇಲೆ ಕೂರುತ್ತದೆ. ಸ್ಪೆಕ್ಟ್ರಮ್ ನೋಡದೆ ಖಚಿತ ಎನ್ನಲಾರೆ, ಆದರೂ ಮೊದಲು ಇದನ್ನೇ ಪರೀಕ್ಷಿಸಿ.

ಹರಳನ್ನು ನೀರಿನಿಂದ, ಆಮೇಲೆ 70% ಎಥನಾಲ್‌ನಿಂದ ಒರೆಸಿ, ಒಣಗಿದ ಮೇಲೆ ಹೊಸ ಬ್ಯಾಕ್‌ಗ್ರೌಂಡ್ (ಮಾದರಿಯಿಲ್ಲದ ಬರೀ ಹರಳಿನ ಸ್ಕ್ಯಾನ್) ತೆಗೆಯಿರಿ. ಸೀರಮ್ 1 ಮೈಕ್ರೊಲೀಟರ್ ಸಾಮಾನ್ಯವಾಗಿ ಸಾಕು. ಆದರೆ ಹನಿಯ ಅಂಚು ಹರಳಿನಾಚೆ ಬೀಳಲಿ, ಏಕೆಂದರೆ ಒಣಗುವಾಗ ಪ್ರೋಟೀನ್ ಅಂಚಿನಲ್ಲೇ ದಪ್ಪಗಾಗುತ್ತದೆ. ಗಡಿಯಾರ ನಂಬಬೇಡಿ. ನಿಮಿಷಕ್ಕೊಮ್ಮೆ ಸ್ಕ್ಯಾನ್ ಮಾಡಿ, ಅಮೈಡ್-1ಕ್ಕೂ 1545ರ ಅಮೈಡ್-2ಕ್ಕೂ (ಪ್ರೋಟೀನಿನದೇ ಇನ್ನೊಂದು ಪಟ್ಟಿ) ಇರುವ ಅನುಪಾತ ಬದಲಾಗದೆ ನಿಂತ ಮೇಲಷ್ಟೇ ದಾಖಲಿಸಿ. ಮಳೆಗಾಲದಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಕು. 1400–1800ರ ನಡುವೆ ಸೂಜಿಯಂಥ ಗೆರೆಗಳಿದ್ದರೆ ಅದು ಗಾಳಿಯ ನೀರಾವಿ: ಒಣ ನೈಟ್ರೋಜನ್ ಹರಿಸಿ ಬ್ಯಾಕ್‌ಗ್ರೌಂಡ್ ಮತ್ತೆ ತೆಗೆಯಿರಿ.

ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕುವ ರಾಸಾಯನಿಕ) ಟ್ಯೂಬಿನ ಪ್ಲಾಸ್ಮಾವನ್ನು ಸೀರಮ್ ಜೊತೆ ಬೆರೆಸಿ ಹೋಲಿಸಲೇಬೇಡಿ; ಇಡಿಟಿಎಯ ಕಾರ್ಬಾಕ್ಸಿಲೇಟ್ 1600, 1400ರ ಹತ್ತಿರ ತನ್ನದೇ ಪಟ್ಟಿ ತರುತ್ತದೆ.

ಈ ಸ್ಪೆಕ್ಟ್ರಮ್‌ಗಳಿಂದ ರೋಗ ಗುರುತಿಸಲು ನೀವು ತರಬೇತಿ ಕೊಟ್ಟ ಕಂಪ್ಯೂಟರ್ ಮಾಡೆಲ್‌ನ 98% ನಿಖರತೆ ನನಗೆ ಅನುಮಾನ. ಒಬ್ಬ ರೋಗಿಯ ಮೂರು ಸ್ಪೆಕ್ಟ್ರಮ್‌ಗಳಲ್ಲಿ ಎರಡು ತರಬೇತಿಗೆ, ಒಂದು ಪರೀಕ್ಷೆಗೆ ಹೋದರೆ ಮಾಡೆಲ್ ರೋಗವನ್ನಲ್ಲ, ಆ ವ್ಯಕ್ತಿಯನ್ನು ಗುರುತಿಸುತ್ತದೆ. ವಿಂಗಡಣೆ ರೋಗಿವಾರು ಇರಲಿ. ಹೋಲಿಕೆಗೆ ಆರೋಗ್ಯವಂತರಷ್ಟೇ ಸಾಲದು; ಲೂಪಸ್, ಸೋರಿಯಾಟಿಕ್ ಆರ್ಥ್ರೈಟಿಸ್‌ನಂಥ ಬೇರೆ ಉರಿಯೂತದ ಕಾಯಿಲೆ ಇರುವವರನ್ನೂ ಸೇರಿಸಿ, ಇಲ್ಲದಿದ್ದರೆ ನೀವು ಹಿಡಿಯುವುದು ಬರೀ ಉರಿಯೂತವನ್ನು. ಪ್ರತಿ ಮಾದರಿಯ ಜೊತೆ ಸಿಆರ್‌ಪಿ (ಉರಿಯೂತದ ಸೂಚಕ), ಆಂಟಿ-ಸಿಸಿಪಿ (ಸಂಧಿವಾತದಲ್ಲಿ ಕಾಣುವ ಪ್ರತಿಕಾಯ) ಮೌಲ್ಯಗಳನ್ನೂ ಬರೆದಿಡಿ.